ದನದ ಕೊಟ್ಟಿಗೆಯಾದರೆ ಇನ್ನೂ ಒಳ್ಳೆಯದು

ಪ್ರಶ್ನೆ: ಮಗಳು, ಅಳಿಯ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾರೆ. ಬರುವ ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನರು ಮತ್ತು 78 ವರ್ಷದ ನಮ್ಮತ್ತೆ ಅಲ್ಲಿಗೆ ಹೋಗುತ್ತಿದ್ದೇವೆ. ನಾಲ್ಕು ವರ್ಷದ ಮೊಮ್ಮಗನೂ ಸೇರಿ ಒಟ್ಟು ಆರು ಜನ. ಒಂದು ವಾರ ಹಳ್ಳಿ ಕಡೆ ಮನೆ ಹಿಡಿಯೋಣ ಎಂದು ಮಗಳು ಮೂರು ಜಾಗದ ಫೋಟೋ ಕಳಿಸಿದ್ದಾಳೆ. ಒಂದು, ಕಾಟ್ಸ್‌ವೋಲ್ಡ್ಸ್‌ನ 300 ವರ್ಷದ ಕಲ್ಲಿನ ಕಾಟೇಜ್. ಇನ್ನೊಂದು, ಯಾರ್ಕ್‌ಷೈರ್ ಡೇಲ್ಸ್‌ನಲ್ಲಿ ಹಳೇ ಬಾರ್ನ್ ಒಂದನ್ನು ಮನೆ ಮಾಡಿರುವುದು. ಮೂರನೆಯದು ಲೇಕ್ ಡಿಸ್ಟ್ರಿಕ್ಟ್‌ನ ಕಾಡಿನೊಳಗಿನ ಮರದ ಕ್ಯಾಬಿನ್. "ದನದ ಕೊಟ್ಟಿಗೆಯಲ್ಲಿ ಮಲಗೋಕೆ ಅಷ್ಟು ದುಡ್ಡಾ?" ಎಂದು ಯಜಮಾನರು ನಗುತ್ತಾರೆ. ಯಾವುದನ್ನು ಆರಿಸಬೇಕು? ಸಕಲೇಶಪುರದ ಹೋಂಸ್ಟೇ ಥರ ಊಟ ತಿಂಡಿ ಅವರೇ ಕೊಡುತ್ತಾರಾ?
— ಓದುಗರು, ದಾವಣಗೆರೆ

ಉತ್ತರ: ಊಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಕೊಡುವುದಿಲ್ಲ. ಇದು ಹೋಂಸ್ಟೇ ಅಲ್ಲ. ಮನೆಯ ಯಜಮಾನರನ್ನು ನೀವು ನೋಡದೆಯೂ ಇರಬಹುದು. ಬಾಗಿಲ ಪಕ್ಕ ಒಂದು ಪುಟ್ಟ ಡಬ್ಬಿ ಇರುತ್ತದೆ, ನಂಬರ್ ಒತ್ತಿದರೆ ಬೀಗದ ಕೈ ಸಿಗುತ್ತದೆ. ಮೇಜಿನ ಮೇಲೆ ಒಂದು ಬಾಟಲಿ ಹಾಲು, ಒಂದು ಕೇಕ್, ಮನೆಯ ಬಗ್ಗೆ ಬರೆದಿಟ್ಟ ಫೈಲು. ಅಷ್ಟೇ ಸ್ವಾಗತ. ಅಡುಗೆ, ಪಾತ್ರೆ, ಕಸ ಎಲ್ಲ ನಿಮ್ಮದೇ. ಮನೆಯವರೇ ಬೆಳಗಿನ ತಿಂಡಿ ಕೊಡುವ ವ್ಯವಸ್ಥೆಗೆ ಅಲ್ಲಿ ಬಿ ಅಂಡ್ ಬಿ ಎನ್ನುತ್ತಾರೆ. ಅದು ಬೇರೆ ಲೆಕ್ಕ. ಆರು ಜನಕ್ಕೆ, ಅದರಲ್ಲೂ ಅನ್ನ ಸಾರು ಬೇಕು ಎನ್ನುವ ಹಿರಿಯರಿದ್ದರೆ, ಅಡುಗೆಮನೆ ಇರುವ ಇಡೀ ಮನೆ ಹಿಡಿಯುವುದೇ ವಾಸಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗ್ಲಾಸ್ಟರ್‌ಶೈರ್‌ನಲ್ಲಿ ಹಳೇ ಕಟ್ಟಡಗಳ ದುರಸ್ತಿ ನೋಡಿಕೊಳ್ಳುವುದು ನನ್ನ ಕೆಲಸ. ರಜೆಗೆ ಬರುವ ನೆಂಟರಿಗೆ ಮನೆ ಹುಡುಕಿಕೊಡುವುದು ಅದರ ಜೊತೆಗೆ ಅಂಟಿಕೊಂಡ ಬಿಟ್ಟಿ ಕೆಲಸ. ಎರಡರಿಂದಲೂ ಕಲಿತದ್ದು ಒಂದೇ. ಫೋಟೋ ನೋಡಬೇಡಿ. "ಈ ಕಟ್ಟಡದಲ್ಲಿ ಮೊದಲು ಯಾರಿದ್ದರು?" ಎಂದು ಕೇಳಿ. ಮನುಷ್ಯರಾ, ಕಾಳಾ, ದನವಾ, ಇಲ್ಲ ಯಾರೂ ಇರಲಿಲ್ಲವಾ? ನಿಮ್ಮ ವಾರ ಹೇಗಿರುತ್ತದೆ ಎನ್ನುವುದು ಮುಕ್ಕಾಲು ಪಾಲು ಅದರಲ್ಲೇ ತಿಳಿಯುತ್ತದೆ.

ಕಾಟೇಜ್ ಎಂದರೆ ಮನುಷ್ಯರಿದ್ದ ಮನೆ, ಆದರೆ ಬಡ ಮನುಷ್ಯರದ್ದು. ಕೂಲಿಯವರು, ನೇಕಾರರು, ಗಣಿ ಕೆಲಸದವರು. ಕಾಟ್ಸ್‌ವೋಲ್ಡ್ಸ್‌ನಲ್ಲಿ ಬೈಬರಿ ಎಂಬ ಹಳ್ಳಿಯಿದೆ. ಅಲ್ಲಿನ ಆರ್ಲಿಂಗ್ಟನ್ ರೋ ಎಂಬ ಮನೆ ಸಾಲಿನ ಚಿತ್ರ ನೀವು ಎಲ್ಲಾದರೂ ನೋಡಿರುತ್ತೀರಿ. ಜೇನುಬಣ್ಣದ ಕಲ್ಲು, ಕಡಿದಾದ ಸೂರು, ಮುಂದೆ ಒಂದು ತೊರೆ. ಅದನ್ನು 1380ರ ಸುಮಾರಿಗೆ ಕಟ್ಟಿದ್ದು ಮನೆಯಾಗಿ ಅಲ್ಲ, ಮಠದ ಉಣ್ಣೆ ಇಡುವ ಉಗ್ರಾಣವಾಗಿ. 17ನೇ ಶತಮಾನದಲ್ಲಿ ಅದನ್ನೇ ಕತ್ತರಿಸಿ ನೇಕಾರರಿಗೆ ಮನೆ ಮಾಡಿದರು. ಕೊಟ್ಟಿಗೆಯನ್ನು ಮನೆ ಮಾಡುವುದು ಈಗಿನವರ ಶೋಕಿ ಎಂದುಕೊಂಡಿರುವ ನಿಮ್ಮ ಯಜಮಾನರಿಗೆ ಇದನ್ನು ಹೇಳಿ. ನಾಡಿನ ಅತಿ ಚಂದದ ಕಾಟೇಜ್ ಸಾಲೇ ಒಂದು ಗೋದಾಮು!

ಬಡವರ ಮನೆ ಎಂದ ಮೇಲೆ ಸೌದೆ ಉಳಿಸಬೇಕಿತ್ತು. ಹಾಗಾಗಿ ಚಿಕ್ಕ ಕೋಣೆ, ತಗ್ಗು ಸೂರು, ಸಣ್ಣ ಕಿಟಕಿ. ಆರಡಿ ಎತ್ತರದ ಅಳಿಯನಾದರೆ ಮೂರನೇ ದಿನಕ್ಕೆ ಹಣೆಯಲ್ಲಿ ಬುಗುಟು ಗ್ಯಾರಂಟಿ. ಮೆಟ್ಟಿಲು ಇರುವುದು ಒಲೆಗೂಡಿನ ಪಕ್ಕದ ಮೂಲೆಯಲ್ಲಿ, ಸುತ್ತಿಕೊಂಡು ಹತ್ತುವಂಥದ್ದು. ಒಂದು ಕಡೆ ಅಂಗೈಯಗಲ, ಇನ್ನೊಂದು ಕಡೆ ಪಾದದಗಲ. ಮಲಗುವ ಕೋಣೆಗಳೆಲ್ಲ ಮೇಲೆ. ಬಚ್ಚಲು ಬಹಳ ಕಡೆ ಕೆಳಗೆ, ಅಡುಗೆಮನೆಯ ಹಿಂದೆ. ಯಾಕೆಂದರೆ ಅದನ್ನು ಆಮೇಲೆ ಸೇರಿಸಿದ್ದು. 78ರ ಅತ್ತೆಯವರು ರಾತ್ರಿ ಎರಡು ಗಂಟೆಗೆ ಆ ಮೆಟ್ಟಿಲು ಇಳಿಯುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಈ ಒಂದು ಕಾರಣಕ್ಕೇ ನಿಮ್ಮ ಮೊದಲನೇ ಫೋಟೋವನ್ನು ನಾನು ಪಕ್ಕಕ್ಕಿಡುತ್ತೇನೆ.

ಇನ್ನೊಂದು ಮಾತು, ಚಳಿಯದ್ದು. ಇಂಥ ಹಳೇ ಮನೆಗಳಲ್ಲಿ ಬಹಳಷ್ಟು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿವೆ. ಕಿಟಕಿ ಬದಲಿಸಲೂ ಒಪ್ಪಿಗೆ ಬೇಕು. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಒಂದೇ ಪದರದ ಗಾಜು. ಮೇ ತಿಂಗಳು ಅಲ್ಲಿ ವಸಂತ, ನಿಜ. ಆದರೆ ರಾತ್ರಿ 6-7 ಡಿಗ್ರಿಗೆ ಇಳಿಯುವುದು ಮಾಮೂಲು. ದಾವಣಗೆರೆಯ ಮೇ ಬಿಸಿಲಿನಿಂದ ಎದ್ದು ಬಂದವರಿಗೆ ಅದು ನಡುಕವೇ. ಮುಗ್ಗಲು ವಾಸನೆಯೂ ಇರಬಹುದು. ಹಳೇ ಗೋಡೆಗಳು ಸುಣ್ಣದ ಗಾರೆಯವು, ತೇವ ಹೀರಿ ಹೊರಗೆ ಬಿಡುತ್ತವೆ. ನಡುವೆ ಯಾರೋ ಬುದ್ಧಿವಂತರು ಅದರ ಮೇಲೆ ಸಿಮೆಂಟ್ ಮೆತ್ತಿರುತ್ತಾರೆ, ನೀರು ಒಳಗೇ ಕೂರುತ್ತದೆ. ನನ್ನ ಅರ್ಧ ಸಂಬಳ ಬರುವುದು ಆ ಸಿಮೆಂಟ್ ಕೀಳಿಸುವುದರಿಂದ. ಡೆವನ್ ಕಡೆ ಹುಲ್ಲು ಕಲಸಿದ ಮಣ್ಣಿನ ಗೋಡೆಯ ಮನೆಗಳಿವೆ. ಅವುಗಳ ಬಗ್ಗೆ ಅಲ್ಲಿನವರ ಮಾತು ಏನೆಂದರೆ, ತಲೆಗೆ ಒಳ್ಳೆ ಟೋಪಿ, ಕಾಲಿಗೆ ಒಳ್ಳೆ ಬೂಟು ಇದ್ದರೆ ಸಾಕು. ಅಂದರೆ ಸೂರು ಮತ್ತು ತಳಪಾಯ ಗಟ್ಟಿಯಿದ್ದರೆ ಮಣ್ಣಿನ ಗೋಡೆ ತನ್ನ ಪಾಡಿಗೆ ತಾನು ನೂರಾರು ವರ್ಷ ನಿಲ್ಲುತ್ತದೆ. ನಮ್ಮ ಕಡೆಯ ಮಣ್ಣಿನ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಬಾರ್ನ್. ಇದಕ್ಕೆ ಕನ್ನಡದಲ್ಲಿ "ಕೊಟ್ಟಿಗೆ" ಎಂದು ಬರೆಯುವುದರಿಂದಲೇ ಗೊಂದಲ ಶುರುವಾಗುತ್ತದೆ. ಇಂಗ್ಲೆಂಡಿನ ದೊಡ್ಡ ಬಾರ್ನ್‌ಗಳಲ್ಲಿ ದನ ಇರಲಿಲ್ಲ. ಅದು ಸೂರು ಹೊದಿಸಿದ ಕಣ. ಅಲ್ಲಿ ಕುಯ್ಲಾದ ಮೇಲೆ ಮಳೆ ನಿಲ್ಲುವುದನ್ನು ಕಾಯುತ್ತ ಕೂರಲಾಗುವುದಿಲ್ಲ. ಗೋಧಿ, ಬಾರ್ಲಿ ತೆನೆಯನ್ನೆಲ್ಲ ಒಳಗೆ ಒಟ್ಟಿ, ಚಳಿಗಾಲವಿಡೀ ಕೋಲಿನಲ್ಲಿ ಬಡಿದು ಒಕ್ಕುತ್ತಿದ್ದರು. ಎದುರುಬದುರು ಎರಡು ದೊಡ್ಡ ಬಾಗಿಲು. ಎರಡನ್ನೂ ತೆರೆದರೆ ನಡುವೆ ಗಾಳಿ ನುಗ್ಗುತ್ತದೆ, ಅದರಲ್ಲಿ ತೂರುತ್ತಿದ್ದರು. ಕಾಳು ಕೆಳಗೆ, ಹೊಟ್ಟು ಆಚೆಗೆ. ಗೋಡೆಯಲ್ಲಿ ಕಿಟಕಿಯೇ ಇಲ್ಲ, ಗಾಳಿಯಾಡಲು ಸಣ್ಣ ಸೀಳು ಮಾತ್ರ. ಮೇಲೆ ಗೋಡೆಯ ತುದಿಯಲ್ಲಿ ಗೂಬೆಗೆಂದೇ ಒಂದು ತೂತು. ಇಲಿ ಹಿಡಿಯಲು ಸಂಬಳವಿಲ್ಲದ ಕಾವಲುಗಾರ.

ಒಕ್ಕುವ ಯಂತ್ರ ಬಂದಾಗ ಚಳಿಗಾಲದ ಆ ಕೂಲಿ ಹೋಯಿತು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಯವರು ಊರೂರಲ್ಲಿ ಯಂತ್ರ ಒಡೆದು ದಂಗೆಯೆದ್ದರು. ಯಂತ್ರ ನಿಲ್ಲಲಿಲ್ಲ. ಮುಂದೆ ಹೊಲದಲ್ಲೇ ಕುಯ್ದು ಒಕ್ಕುವ ಕಂಬೈನ್ ಬಂತು, ಅದು ಹಳೇ ಬಾಗಿಲಲ್ಲಿ ಹಿಡಿಸಲೂ ಇಲ್ಲ. ರೈತರು ಪಕ್ಕದಲ್ಲಿ ಕಬ್ಬಿಣದ ಶೆಡ್ ಹಾಕಿಕೊಂಡರು, ಕಲ್ಲಿನ ಬಾರ್ನ್ ಖಾಲಿ ಬಿತ್ತು. ಖಾಲಿ ಬಾರ್ನ್ ಸೋರುತ್ತದೆ, ಸೋರಿದ್ದು ಕುಸಿಯುತ್ತದೆ, ದುರಸ್ತಿಗೆ ದುಡ್ಡು ಬೇಕು. ಬಾಡಿಗೆಯ ಯೋಚನೆ ಹುಟ್ಟಿದ್ದು ಹೀಗೆ. 2014ರಿಂದ ಹೊಲದ ಕಟ್ಟಡಗಳನ್ನು ವಾಸದ ಮನೆ ಮಾಡಲು ಸರ್ಕಾರ ನಿಯಮ ಸಡಿಲಿಸಿದೆ. ಆದರೆ ನ್ಯಾಷನಲ್ ಪಾರ್ಕ್‌ಗಳೊಳಗೆ, ಅಂದರೆ ನಿಮ್ಮ ಡೇಲ್ಸ್‌ನಲ್ಲೂ ಲೇಕ್ಸ್‌ನಲ್ಲೂ, ಆ ಸಡಿಲಿಕೆ ನಡೆಯುವುದಿಲ್ಲ. ಜೊತೆಗೆ ಬಾವಲಿ. ಸೂರಿನಲ್ಲಿ ಬಾವಲಿ ಇದ್ದರೆ ಕಾನೂನು ಅದರ ಪರ. ಒಂದು ಕೆಲಸದಲ್ಲಿ ನಾನು ಹಂಚು ಇಳಿಸಲು ಇಡೀ ಒಂದು ಬೇಸಿಗೆ ಕಾದಿದ್ದೇನೆ. ಮಾಲೀಕರು ದಿನಾ ಬಂದು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು, ಬಾವಲಿಯನ್ನು ನಾನೇ ಸಾಕಿದ್ದೇನೋ ಎನ್ನುವ ಹಾಗೆ.

ಇದೆಲ್ಲ ನಿಮಗೆ ಯಾಕೆ ಬೇಕು ಎಂದರೆ, ಹೊಸ ಕಿಟಕಿ ಕೊರೆಯಲು ಸ್ಥಳೀಯ ಕೌನ್ಸಿಲ್ ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಆ ಹಳೇ ದೊಡ್ಡ ಬಾಗಿಲ ಜಾಗಕ್ಕೆ ನೆಲದಿಂದ ಸೂರಿನವರೆಗೆ ಗಾಜು ಹಾಕುತ್ತಾರೆ. ಫೋಟೋದಲ್ಲಿ ಮನಸ್ಸು ಸೆಳೆಯುವುದು ಅದೇ. ಅದರ ಹಿಂದಿನ ಕೋಣೆಗಳು ಮಧ್ಯಾಹ್ನವೂ ಮಬ್ಬು. ಕಾಳು ತುಂಬಲು ಕಟ್ಟಿದ್ದಲ್ಲವಾ, ಎತ್ತರ ಬಹಳ. ಮಾತಾಡಿದರೆ ದೇವಸ್ಥಾನದ ಪ್ರಾಂಗಣದ ಹಾಗೆ ಗುಂಯ್ ಎನ್ನುತ್ತದೆ. ಅಡುಗೆ, ಊಟ, ಟಿವಿ, ಮಗುವಿನ ಗಲಾಟೆ ಎಲ್ಲ ಒಂದೇ ಹಜಾರದಲ್ಲಿ. ಕಿವಿ ಮಂದವಾದ ಹಿರಿಯರಿಗೆ ಈ ಸದ್ದು ಬಲು ಕಷ್ಟ. ಹನ್ನೆರಡು ಜನ ಸ್ನೇಹಿತರು ಸೇರಿದರೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನಿಮ್ಮ ಆರು ಜನಕ್ಕೆ ನಾನು ಹೇಳುವುದಿಲ್ಲ.

ಡೇಲ್ಸ್‌ನದು ಮಾತ್ರ ಬೇರೆ ಜಾತಿ. ಅಲ್ಲಿ, ಅದರಲ್ಲೂ ಸ್ವೇಲ್‌ಡೇಲ್ ಕಣಿವೆಯಲ್ಲಿ, ಹೊಲಕ್ಕೊಂದು ಸಣ್ಣ ಕಲ್ಲಿನ ಕಟ್ಟಡ ನಿಂತಿರುತ್ತದೆ. ಕೆಳಗೆ ನಾಲ್ಕೈದು ಹಸು, ಮೇಲೆ ಅಟ್ಟದಲ್ಲಿ ಅದೇ ಹೊಲದ ಒಣಹುಲ್ಲು. ಹುಲ್ಲನ್ನು ಊರಿಗೆ ಹೊರುವ ಬದಲು ಹಸುವನ್ನೇ ಹುಲ್ಲಿನ ಹತ್ತಿರ ಕಟ್ಟಿಹಾಕಿದರು. ರೈತ ಚಳಿಗಾಲದಲ್ಲಿ ದಿನಾ ಎರಡು ಹೊತ್ತು ಹಿಮದಲ್ಲಿ ನಡೆದುಬಂದು ಹಾಲು ಕರೆಯುತ್ತಿದ್ದ. ಗೊಬ್ಬರ ಅಲ್ಲೇ ಆ ಹೊಲಕ್ಕೇ. ಎಂಥ ಲೆಕ್ಕಾಚಾರ ನೋಡಿ! ಇದು ನಿಜಕ್ಕೂ ಕೊಟ್ಟಿಗೆಯೇ. ನಿಮ್ಮ ಯಜಮಾನರು ಗೆದ್ದರು. ಆದರೆ ಎರಡು ಅಂತಸ್ತು, ಚಿಕ್ಕದು, ಬಹಳ ಕಡೆ ಮಲಗುವುದು ಕೆಳಗೆ, ಅಡುಗೆ ಮತ್ತು ಕೂರುವುದು ಮೇಲೆ. ಅತ್ತೆಯವರು ಒಂದು ಲೋಟ ಕಾಫಿಗೂ ಮೆಟ್ಟಿಲು ಹತ್ತಬೇಕು. ಕೆಲವಕ್ಕೆ ಕಾರೇ ಹೋಗುವುದಿಲ್ಲ, ಸೂಟ್‌ಕೇಸ್ ಹೊತ್ತು ಹೊಲ ದಾಟಬೇಕು. ರೆಡಿಂಗ್‌ನಿಂದ ಅಲ್ಲಿಗೆ ಕಾರಿನಲ್ಲಿ ಐದು ಗಂಟೆಯ ಹತ್ತಿರ ಹಿಡಿಯುತ್ತದೆ, ನಿಲ್ಲಿಸುವುದು ಬೇರೆ. ಲೇಕ್ ಡಿಸ್ಟ್ರಿಕ್ಟ್ ಕೂಡ ಅಷ್ಟೇ ದೂರ.

ಕ್ಯಾಬಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಮೊದಲು ಯಾರೂ ಇರಲಿಲ್ಲ. ಹೊಸದು, ಬೆಚ್ಚಗೆ, ಸಮತಟ್ಟು ನೆಲ, ಎರಡು ಪದರದ ಗಾಜು. ಹಿರಿಯರಿಗೆ ಕಾಟೇಜ್‌ಗಿಂತ ಎಷ್ಟೋ ಸಲೀಸು. ತಮಾಷೆ ಎಂದರೆ ಇವುಗಳಲ್ಲಿ ಎಷ್ಟೋ ಕಾನೂನಿನ ಕಣ್ಣಿಗೆ "ಕ್ಯಾರವಾನ್", ಅಂದರೆ ಎಳೆದೊಯ್ಯುವ ಗಾಲಿ ಮನೆ. 1968ರ ಕಾಯ್ದೆಯ ಪ್ರಕಾರ ಎರಡು ಭಾಗವಾಗಿ ತಂದು ಜೋಡಿಸಿದ್ದು, ಎತ್ತಿ ಸಾಗಿಸಲು ಬರುವುದು, ಈಗಿನ ಅಳತೆಯಲ್ಲಿ 20 ಮೀಟರ್ ಉದ್ದ, 6.8 ಮೀಟರ್ ಅಗಲ ಮೀರದ್ದು ಎಲ್ಲ ಕ್ಯಾರವಾನೇ. ಅದಕ್ಕೇ ಇವು ಒಂದರ ಪಕ್ಕ ಒಂದು ಒಂದೇ ಅಳತೆಯಲ್ಲಿ ನಿಂತಿರುತ್ತವೆ. ಫೋಟೋದಲ್ಲಿ ಒಂಟಿ ಮನೆ, ಹೋಗಿ ನೋಡಿದರೆ ನಲವತ್ತು. ಹೊರಗಿನ ಬಿಸಿನೀರಿನ ತೊಟ್ಟಿಗೆಂದು ಬರುವ ಹುಡುಗರ ಗುಂಪು ಪಕ್ಕದಲ್ಲಿದ್ದರೆ ರಾತ್ರಿ ನಿದ್ದೆಯೂ ಇಲ್ಲ. ಲೇಕ್ ಡಿಸ್ಟ್ರಿಕ್ಟ್‌ನ ಮಳೆಯ ಬಗ್ಗೆ ಎಚ್ಚರಿಸಬೇಕು ಎಂದುಕೊಂಡೆ. ಆಗುಂಬೆ ನೋಡಿದವರಿಗೆ ಏನು ಹೇಳುವುದು? ಒಂದೇ ವ್ಯತ್ಯಾಸ. ಇಲ್ಲಿ ಸುರಿದು ನಿಲ್ಲುತ್ತದೆ, ಅಲ್ಲಿ ಮುನಿಸಿಕೊಂಡ ಮಗುವಿನ ಹಾಗೆ ದಿನವಿಡೀ ಜಿನುಗುತ್ತದೆ. ಕುರುಬರು ಕುರಿ ಮರಿ ಹಾಕುವ ಕಾಲದಲ್ಲಿ ಹೊಲದಲ್ಲೇ ಮಲಗುತ್ತಿದ್ದ, ಕಬ್ಬಿಣದ ಗಾಲಿಯ ಪೆಟ್ಟಿಗೆ ಮನೆಗಳೂ ಈಗ ಬಾಡಿಗೆಗೆ ಸಿಗುತ್ತವೆ. ಗಂಡ ಹೆಂಡತಿ ಇಬ್ಬರಿಗೆ ಚೆನ್ನ. ಕಕ್ಕಸು ಹೊರಗಿದೆಯಾ ಎಂದು ಮಾತ್ರ ಕೇಳಿಕೊಳ್ಳಿ.

ಹಾಗಾದರೆ ಏನು ಮಾಡುವುದು? ಜಾಗ ನಿಮ್ಮ ಮೊದಲನೇ ಫೋಟೋದ್ದು ಇರಲಿ, ಕಟ್ಟಡ ಬೇರೆಯದಾಗಲಿ. ಕಾಟ್ಸ್‌ವೋಲ್ಡ್ಸ್ ರೆಡಿಂಗ್‌ನಿಂದ ಒಂದೂವರೆ ಗಂಟೆ. ಅಲ್ಲಿನ ಹಳೇ ತೋಟದ ಮನೆಗಳಲ್ಲಿ ದೊಡ್ಡ ಬಾರ್ನ್ ಪಕ್ಕದಲ್ಲೇ ಅಂಗಳದ ಸುತ್ತ ಉದ್ದಕ್ಕೆ, ತಗ್ಗಾಗಿ ಕಟ್ಟಿದ ಸಾಲು ಇರುತ್ತದೆ. ದನದ ಕೊಟ್ಟಿಗೆ, ಕುದುರೆ ಲಾಯ, ಗಾಡಿ ನಿಲ್ಲಿಸುವ ಚಾವಡಿ. ಹಸು ಮೆಟ್ಟಿಲು ಹತ್ತುವುದಿಲ್ಲ ನೋಡಿ, ಆದ್ದರಿಂದ ಎಲ್ಲ ಒಂದೇ ನೆಲಮಟ್ಟದಲ್ಲಿ. ಬಾಗಿಲು ಅಗಲ, ಹೊಸ್ತಿಲು ಇಲ್ಲದಷ್ಟು ತಗ್ಗು, ಮುಂದೆ ಬಿಸಿಲು ಬೀಳುವ ಅಂಗಳ. ಹುಡುಕುವಾಗ ಮನೆಯ ಹೆಸರಿನಲ್ಲಿ "ಬೈಯರ್" (ದನದ ಕೊಟ್ಟಿಗೆ), "ಸ್ಟೇಬಲ್" (ಲಾಯ), "ಕಾರ್ಟ್ ಶೆಡ್" (ಗಾಡಿ ಚಾವಡಿ) ಎಂದಿದ್ದರೆ ನಿಂತು ನೋಡಿ. ಮಾರಾಟದ ಆಸೆಗೆ ಸುಮ್ನೆ ಹೆಸರಿಟ್ಟಿರುವುದೂ ಉಂಟು. ಅದಕ್ಕೇ ಮನೆಯ ಒಳಗಿನ ನಕ್ಷೆ ಕೇಳಿ. ಮಾಲೀಕರು ಕಳಿಸುತ್ತಾರೆ. ನಕ್ಷೆ ಕಳಿಸಲು ತಡವರಿಸಿದರೆ ಬೇರೆ ಮನೆ ನೋಡಿ. "ಆರು ಜನಕ್ಕೆ" ಎಂದು ಬರೆದಿದ್ದರೆ ಮಂಚ ಎಣಿಸಿ, ಆರರಲ್ಲಿ ಎರಡು ಸೋಫಾ ಆಗಿರಬಹುದು.

ಮೇ ತಿಂಗಳು ಒಳ್ಳೆ ಆಯ್ಕೆ. ಕುರಿಮರಿ ಇನ್ನೂ ಓಡಾಡುತ್ತಿರುತ್ತವೆ, ತಿಂಗಳ ಮೊದಲರ್ಧದಲ್ಲಿ ಕಾಡಿನ ತುಂಬ ಬ್ಲೂಬೆಲ್ ಹೂವು, ರಾತ್ರಿ ಒಂಬತ್ತರವರೆಗೂ ಬೆಳಕು. ಆದರೆ ಕೊನೆಯ ವಾರ ಬೇಡ. ಆಗ ಶಾಲೆಗಳಿಗೆ ಹಾಫ್ ಟರ್ಮ್, ಅಂದರೆ ಟರ್ಮಿನ ನಡುವಿನ ರಜೆ, ಬಾಡಿಗೆ ಒಮ್ಮೆಲೇ ಏರುತ್ತದೆ. ಮೊದಲ ಸೋಮವಾರವೂ ಸಾರ್ವಜನಿಕ ರಜೆ. ನಡುವಿನ ಎರಡು ವಾರದಲ್ಲಿ ಹಿಡಿಯಿರಿ. ಅಲ್ಲಿ ಶಾಲೆ ಕಡ್ಡಾಯವಾಗುವುದು ಐದು ತುಂಬಿದ ನಂತರದ ಟರ್ಮ್‌ನಿಂದ. ಮೊಮ್ಮಗನಿಗೆ ಇನ್ನೂ ನಾಲ್ಕು ಅಂದಿರಲ್ಲ, ಶಾಲೆಯ ರಜೆಗೆ ಕಾಯದೆ ಹೋಗುವ ಈ ಅನುಕೂಲ ಬೇಗ ಮುಗಿಯುತ್ತದೆ. ವಾರದ ಬಾಡಿಗೆ ಸಾಮಾನ್ಯವಾಗಿ ಶುಕ್ರವಾರದಿಂದ ಶುಕ್ರವಾರ ಅಥವಾ ಶನಿವಾರದಿಂದ ಶನಿವಾರ. ಸಂಜೆ ನಾಲ್ಕಕ್ಕೆ ಒಳಗೆ, ಬೆಳಿಗ್ಗೆ ಹತ್ತಕ್ಕೆ ಹೊರಗೆ. ಹತ್ತು ಎಂದರೆ ಹತ್ತೇ. ಸೋಮವಾರದಿಂದ ಶುಕ್ರವಾರದವರೆಗಿನ ನಾಲ್ಕು ರಾತ್ರಿ ಇನ್ನೂ ಅಗ್ಗ.

ಅಡುಗೆಮನೆಗೆ ಬರೋಣ. ನಮ್ಮವರು ಎಡವುವುದು ಅಲ್ಲೇ. ಒಲೆ ಯಾವುದು ಎಂದು ಮುಂಚೆ ಕೇಳಿ. ಇಂಡಕ್ಷನ್ ಆದರೆ ಊರಿಂದ ಹೊತ್ತ ಅಲ್ಯೂಮಿನಿಯಂ ಕುಕ್ಕರ್ ಅಲಂಕಾರಕ್ಕೆ ಮಾತ್ರ. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ. ಹಳೇ ತೋಟದ ಮನೆಗಳಲ್ಲಿ ಆಗಾ ಎಂಬ ಎರಕದ ಕಬ್ಬಿಣದ ದೊಡ್ಡ ಒಲೆ ಇರಬಹುದು. ಸ್ವೀಡನ್ನಿನ ಗುಸ್ತಾಫ್ ದಾಲೆನ್ ಎಂಬ ನೊಬೆಲ್ ವಿಜ್ಞಾನಿ, ಕಣ್ಣು ಕಳೆದುಕೊಂಡ ಮೇಲೆ, 1922ರಲ್ಲಿ ರೂಪಿಸಿದ್ದು. ಅದರ ಮೇಲೆ ಉರಿಯೇ ಇಲ್ಲ, ದಿನವಿಡೀ ಬಿಸಿಯಾಗಿರುತ್ತದೆ. ಅನ್ನ, ಹಾಲು ಕಾಯಿಸುವುದಕ್ಕೆ ಬಂಗಾರ. ರೊಟ್ಟಿ ಸುಡಲು ಬೆಂಕಿ ಬೇಕು ಎನ್ನುವವರಿಗೆ ಪೇಚಾಟ. ದಾವಣಗೆರೆಯವರಲ್ಲವಾ, ಖಡಕ್ ರೊಟ್ಟಿ ಕಟ್ಟಿಕೊಂಡೇ ಹೋಗಿ. ಮಿಕ್ಸಿ ಅಲ್ಲಿ ಓಡುತ್ತದೆ, ಕರೆಂಟು ಒಂದೇ, ಪ್ಲಗ್ ಮಾತ್ರ ಮೂರು ಚಪ್ಪಟೆ ಕಡ್ಡಿಯದು.

ಒಗ್ಗರಣೆಗೆ ಮುಂಚೆ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಒಮ್ಮೆ ನಮ್ಮ ಚಿಕ್ಕಮ್ಮ ಬ್ಯಾಡಗಿ ಮೆಣಸಿನಕಾಯಿ ಹುರಿದು ಬೆಂಕಿಯ ಗಂಟೆ ಹೊಡೆಸಿಬಿಟ್ಟರು. ಪಕ್ಕದ ಹೊಲದಿಂದ ಮಾಲೀಕರು ಬಕೆಟ್ ಹಿಡಿದು ಓಡಿಬಂದರು. ಆಮೇಲೆ ಅದೇ ಚಟ್ನಿಪುಡಿ ನೆಕ್ಕಿ ಕಣ್ಣೀರು ಹಾಕಿದರು ಅನ್ನಿ. ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಹಳ್ಳಿ ಮನೆಗಳಲ್ಲಿ ಬಹಳ ಕಡೆ ಊರ ಚರಂಡಿ ಇಲ್ಲ, ತಮ್ಮದೇ ಸೆಪ್ಟಿಕ್ ತೊಟ್ಟಿ. ಬಚ್ಚಲಲ್ಲಿ ಚೊಂಬು ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಜಗ್ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳಿದ್ದೇನೆ. ಶನಿವಾರ ಹೋದರೆ ದಾರಿಯಲ್ಲೇ ದಿನಸಿ ಕೊಳ್ಳಿ. ಭಾನುವಾರ ದೊಡ್ಡ ಅಂಗಡಿಗಳು ತೆರೆದಿರುವುದು ಒಟ್ಟು ಆರೇ ಗಂಟೆ ಕಾಲ, ಕಾನೂನೇ ಹಾಗಿದೆ. ಹಳ್ಳಿಯ ಪಬ್‌ಗಳಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಅಡುಗೆ ಬಂದ್ ಇರುವುದು ಸಾಮಾನ್ಯ.

ದಾರಿಯ ಬಗ್ಗೆ ಒಂದು ಮಾತು ಅಳಿಯನಿಗೆ. ಕೊನೆಯ ಒಂದು ಮೈಲಿ ಫೋನಿನ ನಕ್ಷೆ ನಂಬಬೇಡಿ. ಹಳ್ಳಿಯಲ್ಲಿ ಒಂದು ಪಿನ್‌ಕೋಡ್‌ಗೆ ನಾಲ್ಕಾರು ತೋಟ ಸೇರಿರುತ್ತವೆ, ಸಿಗ್ನಲ್ ಕೈಕೊಡುತ್ತದೆ. ಮಾಲೀಕರು ಬರೆದ ದಾರಿಯನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಮನೆ ಸೇರಿದ ಮೇಲೆ ಕಾರಿನ ಹಂಗು ಬೇಡ. ಇಂಗ್ಲೆಂಡಿನಲ್ಲಿ ಖಾಸಗಿ ಹೊಲಗಳ ನಡುವೆಯೇ ಯಾರು ಬೇಕಾದರೂ ನಡೆಯಬಹುದಾದ ಕಾಲುದಾರಿಗಳಿವೆ, ನಡೆಯುವ ಹಕ್ಕು ಕಾನೂನಿನದ್ದು. ತೆರೆದ ಗೇಟು ಮತ್ತೆ ಹಾಕಿ. ಕರು ಜೊತೆಗಿರುವ ಹಸುವಿನ ಹತ್ತಿರ ಮೊಮ್ಮಗನನ್ನು ಬಿಡಬೇಡಿ. ನಮ್ಮ ಮನೆ ಹಸುವಿನಷ್ಟು ಸಾಧು ಅಲ್ಲ ಅವು.

ಊರವರು ಸ್ವಲ್ಪ ಬಿಗುವಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಇಂಥ ಊರುಗಳಲ್ಲಿ ಮನೆಗಳೆಲ್ಲ ರಜೆಯವರ ಪಾಲಾಗಿ ಊರ ಮಕ್ಕಳಿಗೆ ಮನೆ ಸಿಗುತ್ತಿಲ್ಲ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ 2016ರಲ್ಲಿ ಜನ ಓಟು ಹಾಕಿ, ಹೊಸ ಮನೆಗಳು ಅಲ್ಲೇ ವಾಸಿಸುವವರಿಗೆ ಮಾತ್ರ ಎಂದು ತೀರ್ಮಾನಿಸಿದರು. ಆ ಸಿಟ್ಟು ನಿಮ್ಮ ಮೇಲಲ್ಲ. ತೋಟದ ಕೊಟ್ಟಿಗೆ ಹಿಡಿದರೆ ಇನ್ನೊಂದು ಸಮಾಧಾನವೂ ಇದೆ. ಅದು ಯಾರ ವಾಸದ ಮನೆಯೂ ಆಗಿರಲಿಲ್ಲ, ಬಾಡಿಗೆ ದುಡ್ಡು ಬಹಳ ಸಲ ಇನ್ನೂ ಉಳುತ್ತಿರುವ ರೈತನ ಕೈಗೇ ಹೋಗುತ್ತದೆ.

ಮುಂಗಡ ಕೊಡುವ ಮುಂಚೆ ಮಗಳು ಮಾಲೀಕರಿಗೆ ಒಂದು ಸಂದೇಶ ಕಳಿಸಲಿ: ಮಲಗುವ ಕೋಣೆಯಿಂದ ಕಕ್ಕಸಿಗೆ ಎಷ್ಟು ಮೆಟ್ಟಿಲು, ಮೇ ತಿಂಗಳಲ್ಲಿ ಹೀಟಿಂಗ್ ನಾವೇ ಹಾಕಿಕೊಳ್ಳಬಹುದಾ, ಒಲೆ ಯಾವುದು, ಸೌದೆ ಒಲೆಗೆ ಮಗು ಮುಟ್ಟದ ಹಾಗೆ ಅಡ್ಡ ಇದೆಯಾ. ಮೊದಲ ಪ್ರಶ್ನೆಗೆ "ಒಂದೂ ಇಲ್ಲ" ಎಂದು ಬಂದರೆ ಉಳಿದದ್ದನ್ನು ಅಲ್ಲಿಗೆ ಹೋಗಿ ಸುಧಾರಿಸಬಹುದು. ಹೋದ ಮೇಲೆ ಯಜಮಾನರಿಗೆ ಗೋಡೆ ತಡವಿ ನೋಡಲು ಹೇಳಿ. ಮೊಣಕಾಲೆತ್ತರದಲ್ಲಿ ಎಲ್ಲಾದರೂ ಒಂದು ಕಬ್ಬಿಣದ ಬಳೆ ಉಳಿದಿರುತ್ತದೆ, ಕಣ್ಣಿ ಕಟ್ಟುತ್ತಿದ್ದದ್ದು.